ತಾಳೆಯಾಗದಿದ್ದಾಗ ಟೆಸ್ಟ್ ಏನು ಹೇಳಬೇಕು?

ಉಡುಪಿಯ ಹತ್ತಿರದ ಒಂದು ಸಹಕಾರ ಸಂಘದಲ್ಲಿ ಸಂಜೆ ಆರೂವರೆಗೆ ಪಿಗ್ಮಿ ಏಜೆಂಟರು ಒಬ್ಬೊಬ್ಬರಾಗಿ ಕೌಂಟರಿಗೆ ಬರುತ್ತಾರೆ. ಹೆಗಲ ಚೀಲದಿಂದ ನೋಟಿನ ಕಟ್ಟು, ಕೈಯಲ್ಲಿರುವ ಸಣ್ಣ ಮೆಷಿನಿನಿಂದ ದಿನದ ಚೀಟಿ. ಕ್ಯಾಷಿಯರ್ ಎರಡನ್ನೂ ತಾಳೆ ನೋಡುತ್ತಾರೆ. ಸಂಘಕ್ಕೆ ಸಾಫ್ಟ್‌ವೇರ್ ಮಾಡಿಕೊಡುವ ತಂಡದಲ್ಲಿದ್ದ ನಾನು ಕೆಲವು ಸಂಜೆ ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. ಒಂದು ದಿನ ಲೆಕ್ಕ ಕೂಡಲಿಲ್ಲ. ಅವರು ತಲೆ ಎತ್ತದೆಯೇ ಹೇಳಿದರು: “ಅಕ್ಕ, ಚೀಟಿಯಲ್ಲಿ 12,450 ಉಂಟು, ನೀವು ಕೊಟ್ಟದ್ದು 12,400. ಐವತ್ತು ಕಡಿಮೆ. 109ನೇ ಖಾತೆ ಎರಡು ಸಲ ಬಂದಿದೆ, ಒಮ್ಮೆ ನೋಡಿ.” ಏಜೆಂಟ್ ನೆನಪಿಸಿಕೊಂಡರು. ಆ ಅಂಗಡಿಯವರು ಹಿಂದಿನ ದಿನದ ಐವತ್ತನ್ನೂ ಅಂದೇ ಕೊಟ್ಟಿದ್ದರು. ಒಂದು ನೋಟು ಚೀಲದ ಹೊರ ಜೇಬಿನಲ್ಲಿ ಉಳಿದುಬಿಟ್ಟಿತ್ತು. ಎರಡು ನಿಮಿಷದಲ್ಲಿ ವಿಷಯ ಮುಗಿಯಿತು.

ಅದೇ ವಾರ ಮಂಗಳೂರಿನ ನಮ್ಮ ಕಚೇರಿಯಲ್ಲಿ ಅದೇ ಸಾಫ್ಟ್‌ವೇರಿನ ಒಂದು ಟೆಸ್ಟ್ ಕೆಂಪಾಯಿತು (ತಾಳೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು). ಅದು ಹೇಳಿದ್ದು ಇಷ್ಟೇ: “ನಿರೀಕ್ಷಿಸಿದ್ದು ಟ್ರೂ, ಬಂದದ್ದು ಫಾಲ್ಸ್.” ಯಾವ ಖಾತೆ, ಎಷ್ಟು ಮೊತ್ತ, ಹೆಚ್ಚೋ ಕಡಿಮೆಯೋ, ಒಂದೂ ಇಲ್ಲ. ಕಾರಣ ಸಿಕ್ಕುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ವಿಚಿತ್ರವೆಂದರೆ ಅದೂ ಎರಡು ಸಲ ಬಂದ ಖಾತೆಯದೇ ತಕರಾರು. ಒಂದೇ ದಿನ ಒಂದೇ ಖಾತೆಗೆ ಒಂದೇ ಮೊತ್ತ ಮತ್ತೊಮ್ಮೆ ಬಂದರೆ ನಮ್ಮ ಕೋಡ್ ಅದನ್ನು ನಕಲು ಎಂದು ತಿಳಿದು ಕೈಬಿಡುತ್ತಿತ್ತು. ಕ್ಯಾಷಿಯರ್ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಮ್ಮ ಟೆಸ್ಟ್ ಅರ್ಧ ದಿನ ಬಾಯಿಬಿಡಲಿಲ್ಲ.

ಪಿಗ್ಮಿ ನಮ್ಮ ಊರಿನದೇ ಯೋಜನೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಅದನ್ನು ಆರಂಭಿಸಿತು. ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಪಿಗ್ಮಿ ಮಾತ್ರ ಊರೂರಿನ ಸಂಘಗಳಲ್ಲಿ ಉಳಿದಿದೆ. ಸಣ್ಣ ಸಣ್ಣ ಮೊತ್ತ, ನೂರಾರು ಖಾತೆ, ದಿನವೂ ತಾಳೆ: ಟೆಸ್ಟ್ ಬರೆಯುವುದನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಆದ್ದರಿಂದ ಈ ಲೇಖನದ ಉದ್ದಕ್ಕೂ ಹೆಚ್ಚಾಗಿ ಅದೇ ಬರುತ್ತದೆ.

ಸ್ವಯಂಚಾಲಿತ ಟೆಸ್ಟ್ ಎಂದರೆ ಒಂದು ಕೋಡನ್ನು ಪರೀಕ್ಷಿಸಲು ಬರೆದ ಇನ್ನೊಂದು ಕೋಡ್. ಮೊದಲು ಪರಿಸ್ಥಿತಿಯನ್ನು ಸಿದ್ಧಗೊಳಿಸುತ್ತದೆ: ಖಾತೆಯೊಂದನ್ನು ತೆರೆದು, ಅದರಲ್ಲಿ ಇಷ್ಟು ಹಣ ಇಡುತ್ತದೆ. ಆಮೇಲೆ ಒಂದು ಕೆಲಸ ಮಾಡಿಸುತ್ತದೆ: ಐವತ್ತು ರೂಪಾಯಿ ಜಮಾ. ಕೊನೆಗೆ, ಆಗಬೇಕಾದದ್ದು ಆಯಿತೇ ಎಂದು ನೋಡುತ್ತದೆ. ಈ ಕೊನೆಯ ಸಾಲಿಗೆ ಅಸರ್ಷನ್ ಎಂದು ಹೆಸರು. ನಿಘಂಟು ಹಿಡಿದರೆ ‘ಪ್ರತಿಪಾದನೆ’, ‘ಸಮರ್ಥನೆ’ ಎಂಬ ಭಾರದ ಪದಗಳು ಸಿಗುತ್ತವೆ. ನನಗೆ ಕ್ಯಾಷಿಯರರ ಪದವೇ ಸಾಕು, ತಾಳೆ. ‘ಟ್ಯಾಲಿ ಆಗಲಿಲ್ಲ’ ಎನ್ನುವವರಿಗೂ ‘ತಾಳೆ ಆಗಲಿಲ್ಲ’ ಎನ್ನುವವರಿಗೂ ನಮ್ಮ ಕೌಂಟರುಗಳಲ್ಲಿ ವ್ಯತ್ಯಾಸವೇ ಕೇಳಿಸುವುದಿಲ್ಲ.

ಲೆಕ್ಕದ ಹೋಲಿಕೆ ನಾನು ಹೊಸದಾಗಿ ತಂದದ್ದೂ ಅಲ್ಲ. 1949ರ ಜೂನ್‌ನಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಪುಟ್ಟ ಪ್ರಬಂಧ ಓದಿದರು. ದೊಡ್ಡ ಪ್ರೋಗ್ರಾಮ್ ಸರಿಯಿದೆಯೆಂದು ಪರಿಶೀಲಿಸುವುದು ಹೇಗೆ ಎಂಬುದೇ ಅದರ ವಿಷಯ. ಅವರು ಆರಂಭಿಸಿದ್ದು ಕೂಡುವ ಲೆಕ್ಕದಿಂದ. ನಾಲ್ಕಂಕಿಯ ಐದು ಸಂಖ್ಯೆಗಳನ್ನು ಕೂಡಿ ಮೊತ್ತವನ್ನು ಮಾತ್ರ ಕೊಟ್ಟರೆ, ಪರಿಶೀಲಿಸುವವರು ಇಡೀ ಲೆಕ್ಕವನ್ನು ಒಂದೇ ಬಾರಿ ಕುಳಿತು ಮಾಡಬೇಕು. ಬಿಡಿ, ಹತ್ತು, ನೂರು, ಸಾವಿರದ ಸಾಲುಗಳ ಮೊತ್ತವನ್ನೂ ಬೇರೆ ಬೇರೆಯಾಗಿ ಬರೆದಿಟ್ಟರೆ ಒಂದೊಂದನ್ನು ಬಿಡಿಯಾಗಿ ನೋಡಬಹುದು, ತಪ್ಪು ಎಲ್ಲಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಹಾಗೆಯೇ ಪ್ರೋಗ್ರಾಮ್ ಬರೆದವನು ಅಲ್ಲಲ್ಲಿ ಖಚಿತವಾದ ಅಸರ್ಷನ್‌ಗಳನ್ನು ಬರೆದಿಡಬೇಕು ಎಂದರು. ಕಂಪ್ಯೂಟರುಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲೇ ಪರಿಶೀಲಿಸುವವನ ಕಷ್ಟದ ಬಗ್ಗೆ ಯೋಚಿಸಿದ್ದರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

ಇಂದು ನಾವು ಬರೆಯುವ ಟೆಸ್ಟುಗಳ ರೂಪಕ್ಕೆ ಹತ್ತಿರದ ಪೂರ್ವಜ ಜೇಯುನಿಟ್, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಟೆಸ್ಟ್ ಬರೆಯಲು ನೆರವಾಗುವ ಲೈಬ್ರರಿ, ಎಂದರೆ ಸಿದ್ಧ ಕೋಡಿನ ಕಟ್ಟು. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕುಳಿತು ಅದನ್ನು ಬರೆದರು. ಅದರ ಎರಡು ಸಾಲುಗಳನ್ನು ನೋಡೋಣ. ಕಂಪ್ಯೂಟರಿನಲ್ಲಿ ಇವು ಇಂಗ್ಲಿಷಿನಲ್ಲಿರುತ್ತವೆ. ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತೇನೆ, ಬಳಸುವವರಿಗೆ ಗುರುತು ಸಿಕ್ಕೇ ಸಿಗುತ್ತದೆ. ‘==’ ಎಂದರೆ ಎರಡೂ ಸಮವೇ ಎಂಬ ಪ್ರಶ್ನೆ.

ಅಸರ್ಟ್‌ಟ್ರೂ(ದಿನದಮೊತ್ತ == 12450)

ಅಸರ್ಟ್‌ಈಕ್ವಲ್ಸ್(12450, ದಿನದಮೊತ್ತ)

ಟೆಸ್ಟ್ ಹಸಿರಾಗಿರುವಷ್ಟು ಕಾಲ ಎರಡರಲ್ಲಿ ಏನೂ ಭೇದವಿಲ್ಲ. ಭೇದ ತಿಳಿಯುವುದು ಕೆಂಪಾದಾಗ. ಮೊದಲನೆಯ ಸಾಲಿನಲ್ಲಿ ಹೋಲಿಕೆ ಆವರಣದ ಒಳಗೇ ನಡೆದುಹೋಗುತ್ತದೆ. ಅಸರ್ಟ್‌ಟ್ರೂ ಕೈಗೆ ಬರುವುದು ಹೋಲಿಕೆಯ ಫಲ ಮಾತ್ರ, ಹೌದು ಅಥವಾ ಅಲ್ಲ. ಸಂಖ್ಯೆಗಳು ಆಗಲೇ ಕರಗಿಹೋಗಿವೆ. ಪಾಪ, ಅದು ಏನನ್ನು ತೋರಿಸೀತು? ಎರಡನೆಯದು ಎರಡು ಸಂಖ್ಯೆಗಳನ್ನೂ ತಾನೇ ಪಡೆದು ತಾನೇ ಹೋಲಿಸುತ್ತದೆ. ಆದ್ದರಿಂದ “ನಿರೀಕ್ಷಿಸಿದ್ದು 12450, ಬಂದದ್ದು 12400” ಎನ್ನಲು ಅದಕ್ಕೆ ಸಾಧ್ಯ. ಐವತ್ತು ಕಡಿಮೆ ಎಂಬುದು ಕಣ್ಣಿಗೆ ಬಿದ್ದ ಕ್ಷಣ, ದಿನಾ ಐವತ್ತು ಕಟ್ಟುವ ಖಾತೆಗಳ ಕಡೆಗೆ ಯೋಚನೆ ಹೋಗುತ್ತದೆ. ಹುಡುಕಾಟದ ಅರ್ಧ ದಾರಿ ಅಲ್ಲಿಗೇ ಮುಗಿಯಿತು.

ಓದಲು ಸುಲಭವಾದ ಅಸರ್ಷನ್ ಎಂದಾಗ ಹೆಚ್ಚಿನವರು ಕೋಡಿನ ಸಾಲಿನ ಅಂದಚಂದದ ಬಗ್ಗೆ ಮಾತಾಡುತ್ತಾರೆ. ನನ್ನ ತಕರಾರು ಅಲ್ಲೇ ಇದೆ. ಆ ಸಾಲನ್ನು ಬರೆಯುವಾಗ ನಮಗೆ ಎಲ್ಲವೂ ಗೊತ್ತಿರುತ್ತದೆ, ಆದ್ದರಿಂದ ಎಂಥ ಸಾಲೂ ಸ್ಪಷ್ಟವಾಗಿಯೇ ಕಾಣುತ್ತದೆ. ಅದನ್ನು ನಿಜವಾಗಿ ಓದುವವರು ಬೇರೆ. ಎಂಟು ತಿಂಗಳ ನಂತರ, ಇನ್ನೇನನ್ನೋ ಬದಲಾಯಿಸಲು ಹೋಗಿ ಇದನ್ನು ಕೆಡಿಸಿದವರು, ಪಿಗ್ಮಿಯ ಗಂಧವೇ ಇಲ್ಲದ ಹೊಸಬರು, ಪಡುಬಿದ್ರಿ ದಾಟಿದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮೊಬೈಲ್ ಪರದೆಯ ಮೇಲೆ ನಾಲ್ಕು ಸಾಲು ಮಾತ್ರ ಕಾಣುತ್ತಿರುವವರು. ಅವರ ಕಣ್ಣಿಗೆ ಮೊದಲು ಬೀಳುವುದು ಕೋಡ್ ಅಲ್ಲ, ಕೆಂಪಾದಾಗ ಬಂದ ಸಂದೇಶ. ಹಾಗಾಗಿ ಸಂದೇಶವನ್ನು ಮೊದಲು ಮನಸ್ಸಿನಲ್ಲಿ ಬರೆದುಕೊಂಡು, ಅದನ್ನು ಹೇಳಿಸಬಲ್ಲ ಅಸರ್ಷನ್ ಯಾವುದೆಂದು ಆಮೇಲೆ ಹುಡುಕುವುದು ನನ್ನ ಕ್ರಮ.

ಇನ್ನು, ಎರಡು ಸಂಖ್ಯೆಗಳಲ್ಲಿ ಯಾವುದು ಮೊದಲು ಎಂಬ ಹಳೆಯ ಜಗಳ. ಜೇಯುನಿಟ್‌ನಲ್ಲಿ ನಿರೀಕ್ಷಿಸಿದ್ದು ಮೊದಲು, ಬಂದದ್ದು ನಂತರ. ಅದೇ ಜಾವಾ ಲೋಕದ ಟೆಸ್ಟ್‌ಎನ್‌ಜಿಯಲ್ಲಿ ತಿರುವುಮುರುವು. ಪೈಥಾನ್ ಎಂಬ ಇನ್ನೊಂದು ಭಾಷೆಯ ಜೊತೆಗೇ ಬರುವ ಯುನಿಟ್‌ಟೆಸ್ಟ್ ಅವನ್ನು ‘ಮೊದಲನೆಯದು’, ‘ಎರಡನೆಯದು’ ಎಂದು ಮಾತ್ರ ಕರೆದು ಪಂಚಾಯಿತಿಕೆಯಿಂದ ದೂರ ಉಳಿದಿದೆ. ಸಾಲದ್ದಕ್ಕೆ, ಜೊತೆಗೆ ಕೊಡುವ ವಿವರಣೆಯ ಮಾತು ಜೇಯುನಿಟ್ 4ರಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತಿತ್ತು, 5ರಲ್ಲಿ ಕೊನೆಗೆ ಹೋಯಿತು. ಕ್ರಮ ತಪ್ಪಿದರೂ ಟೆಸ್ಟ್ ಹಸಿರಾಗಿಯೇ ಇರುತ್ತದೆ, ಯಾರೂ ಗಮನಿಸುವುದಿಲ್ಲ. ಕೆಂಪಾದ ದಿನ ಅದು “ನಿರೀಕ್ಷಿಸಿದ್ದು 12400, ಬಂದದ್ದು 12450” ಎಂದು ಗಂಭೀರವಾಗಿ ಸುಳ್ಳು ಹೇಳುತ್ತದೆ. ಐವತ್ತು ಎಲ್ಲಿ ಹೆಚ್ಚಾಯಿತು ಎಂದು ನೀವು ಹುಡುಕುತ್ತ ಕೂರುತ್ತೀರಿ, ಅದು ಕಡಿಮೆಯಾಗಿರುತ್ತದೆ.

ಇದರ ಮೂಲದಲ್ಲಿ ಒಂದು ವ್ಯಾಕರಣದ ಸಮಸ್ಯೆ ಇದೆ, ಕನ್ನಡ ಬಲ್ಲವರಿಗೆ ಅದು ಬೇಗ ಹೊಳೆಯಬೇಕು. ‘ಹುಲಿಯನ್ನು ಹಸು ಕಂಡಿತು’ ಎನ್ನಿ, ‘ಹಸು ಹುಲಿಯನ್ನು ಕಂಡಿತು’ ಎನ್ನಿ, ಕಂಡದ್ದು ಹಸುವೇ. ವಿಭಕ್ತಿ ಪ್ರತ್ಯಯ ಅಂಟಿಕೊಂಡಿರುವುದರಿಂದ ಪದ ಎಲ್ಲಿ ನಿಂತರೂ ಅದರ ಪಾತ್ರ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತ್ಯಯ ಇಲ್ಲ, ಆದರೆ ಸ್ಥಾನ ಆ ಕೆಲಸ ಮಾಡುತ್ತದೆ. ಅದು ಅವರಿಗೆ ಬಾಲ್ಯದಿಂದಲೇ ರೂಢಿ. ಅಸರ್ಟ್‌ಈಕ್ವಲ್ಸ್‌ನ ಆವರಣದೊಳಗೆ ಎರಡೂ ಇಲ್ಲ. ‘ಹುಲಿ ಹಸು ಕಂಡಿತು’ ಎಂದಂತೆ, ಎರಡು ಬರಿಯ ನಾಮಪದಗಳು ಪಕ್ಕಪಕ್ಕ ನಿಂತಿವೆ. ಯಾರು ಯಾರನ್ನು ಕಂಡರು ಎಂಬುದು ಆ ಲೈಬ್ರರಿ ಬರೆದವರ ಮನಸ್ಸಿನಲ್ಲಿದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಅಸರ್ಟ್‌ದ್ಯಾಟ್ ಮಾದರಿ. ಹ್ಯಾಮ್‌ಕ್ರೆಸ್ಟ್ ಎಂಬ ಲೈಬ್ರರಿ ಇದನ್ನು ಜನಪ್ರಿಯಗೊಳಿಸಿತು (ಇಂಗ್ಲಿಷಿನ ‘ಮ್ಯಾಚರ್ಸ್’ ಪದದ ಅಕ್ಷರಗಳನ್ನು ಕಲಸಿ ಜೋಡಿಸಿದರೆ ಆ ಹೆಸರು ಬರುತ್ತದೆ). ಜೇಯುನಿಟ್ 4.4ರಲ್ಲಿ ಅಸರ್ಟ್‌ದ್ಯಾಟ್ ಸೇರಿಕೊಂಡಿತು. ಮುಂದೆ ಅಸರ್ಟ್‌ಜೆ ಎಂಬ ಇನ್ನೊಂದು ಲೈಬ್ರರಿ ಅದನ್ನೇ ಚುಕ್ಕಿಗಳ ಸರಪಣಿಯಾಗಿಸಿತು:

ಅಸರ್ಟ್‌ದ್ಯಾಟ್(ದಿನದಮೊತ್ತ).ಈಸ್‌ಈಕ್ವಲ್‌ಟು(12450)

ಯಾವುದರ ಬಗ್ಗೆ ಮಾತು ಎಂಬುದು ಒಂದು ಆವರಣದಲ್ಲಿ, ಅದು ಏನಾಗಿರಬೇಕು ಎಂಬುದು ಇನ್ನೊಂದರಲ್ಲಿ. ಅದಲುಬದಲು ಮಾಡಲು ಕೈ ಬರುವುದಿಲ್ಲ. ವಿಭಕ್ತಿ ಹತ್ತಿದಂತಾಯಿತು. ‘ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳುತ್ತದೆ’ ಎಂದು ಇದನ್ನು ಹೊಗಳುವುದುಂಟು. ಇಂಗ್ಲಿಷಿನಂತೆ ಕೇಳಿಸುವುದರಿಂದ ನಮಗೇನೂ ದೊಡ್ಡ ಲಾಭವಿಲ್ಲ, ಪಾತ್ರಗಳು ಬೇರೆಯಾದದ್ದೇ ಲಾಭ. ಪೈಥಾನಿನ ಪೈಟೆಸ್ಟ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ನೀವು ‘ಅಸರ್ಟ್ ದಿನದಮೊತ್ತ() == 12450’ ಎಂದು ಸರಳವಾಗಿ ಬರೆಯಬಹುದು. ಓಡಿಸುವ ಮುನ್ನ ಪೈಟೆಸ್ಟ್ ಆ ಸಾಲನ್ನು ತೆರೆಮರೆಯಲ್ಲಿ ತಿದ್ದಿ ಬರೆದುಕೊಳ್ಳುತ್ತದೆ, ಕೆಂಪಾದರೆ ಎಡಬದಿಯಲ್ಲಿ 12400 ಇತ್ತು, ಅದು ಯಾವ ಫಂಕ್ಷನ್‌ನಿಂದ ಬಂತು ಎಂಬುದನ್ನೂ ತೋರಿಸುತ್ತದೆ. ಸಾಲಿನಲ್ಲಿ ಶೃಂಗಾರವಿಲ್ಲ, ಸಂದೇಶದಲ್ಲಿ ಕೊರತೆಯಿಲ್ಲ. ನನಗೆ ಇದು ಹೆಚ್ಚು ಇಷ್ಟ.

ನಿರೀಕ್ಷಿತ ಸಂಖ್ಯೆ ಎಲ್ಲಿಂದ ಬರಬೇಕು? ಬಡ್ಡಿಯ ಲೆಕ್ಕವನ್ನು ಪರೀಕ್ಷಿಸುವ ಟೆಸ್ಟ್ ಒಂದರಲ್ಲಿ ನಮ್ಮವರು ನಿರೀಕ್ಷಿತ ಮೊತ್ತವನ್ನು ಸೂತ್ರ ಹಾಕಿ ಪಡೆದಿದ್ದರು: ಅಸಲು ಗುಣಿಸು ದರ ಗುಣಿಸು ದಿನ, ಭಾಗಿಸು ವರ್ಷದ ದಿನಗಳು. ಕೋಡಿನಲ್ಲೂ ಅದೇ ಸೂತ್ರ. ಕೋಡಿನಲ್ಲಿ 365ರ ಬದಲು ಯಾರೋ 360 ಎಂದು ಇಟ್ಟಿದ್ದರೆ, ಅದನ್ನು ನೋಡಿ ಬರೆದ ಟೆಸ್ಟಿನಲ್ಲೂ 360 ಇರುತ್ತದೆ. ಪಕ್ಕದ ಹುಡುಗನ ಲೆಕ್ಕವನ್ನು ನಕಲು ಮಾಡಿ ಅವನದರ ಜೊತೆಗೇ ತಾಳೆ ನೋಡಿದರೆ ತಪ್ಪು ಎಲ್ಲಿ ಸಿಕ್ಕೀತು?

ನಿರೀಕ್ಷಿತ ಮೊತ್ತ ಸಂಖ್ಯೆಯಾಗಿಯೇ ಇರಲಿ, ಅದೂ ಓದುಗನ ತಲೆಯಲ್ಲೇ ಕೂಡಿಬರುವ ಸಂಖ್ಯೆಯಾಗಿರಲಿ. ಅಸಲು 36,500 ರೂಪಾಯಿ, ಸರಳ ಬಡ್ಡಿ ಶೇಕಡಾ 4 ಎಂದಿಟ್ಟರೆ ವರ್ಷಕ್ಕೆ 1,460, ದಿನಕ್ಕೆ ಸರಿಯಾಗಿ 4 ರೂಪಾಯಿ. ನೂರು ದಿನಕ್ಕೆ 400. ಕಾಗದ ಬೇಡ, ಕ್ಯಾಲ್ಕುಲೇಟರ್ ಬೇಡ. ಕೋಡ್ 360 ಹಿಡಿದಿದ್ದರೆ 405.56 ಬರುತ್ತದೆ, ಆ ಐದು ಚಿಲ್ಲರೆ ರೂಪಾಯಿಯೇ ಬೆರಳು ಮಾಡಿ ತೋರಿಸುತ್ತದೆ. ಇದೇ ಟೆಸ್ಟಿನಲ್ಲಿ ಅಸಲು 27,843, ದಿನ 73 ಎಂದು ಬಾಯಿಗೆ ಬಂದ ಅಂಕಿ ಹಾಕಿದ್ದರೆ ನಿರೀಕ್ಷಿತ ಮೊತ್ತ ಸರಿಯೇ ಎಂದು ನೋಡಲು ಯಾರಿಗೂ ವ್ಯವಧಾನ ಇರುವುದಿಲ್ಲ. ಟೆಸ್ಟಿಗೆ ಅಂಕಿ ಆರಿಸುವುದರಲ್ಲಿ ಬರೆಯುವವನ ಸೌಜನ್ಯ ಕಾಣುತ್ತದೆ ಎಂದು ನಾನು ನಂಬಿದ್ದೇನೆ.

ಪೈಸೆಯ ಮಾತು ಬಂದಾಗ ದಶಮಾಂಶದ ಹಳೆಯ ಗುಂಡಿಯನ್ನೂ ನೋಡಿಕೊಳ್ಳಬೇಕು. ಕಂಪ್ಯೂಟರಿನ ಸಾಮಾನ್ಯ ದಶಮಾಂಶ ಪದ್ಧತಿಯಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ, ಎರಡರ ಆಧಾರದಲ್ಲಿ ಬರೆಯುವಾಗ 0.1 ಪೂರ್ತಿ ಹಿಡಿಸುವುದಿಲ್ಲ, ಮೂರರಲ್ಲಿ ಒಂದನ್ನು ನಾವು 0.333 ಎಂದು ಬರೆಯುತ್ತಲೇ ಹೋಗುವಂತೆ. ಇಂಥಲ್ಲಿ ‘ಸುಮಾರಾಗಿ ಸಮ’ ಎನ್ನುವ ಅಸರ್ಷನ್‌ಗಳಿವೆ. ಅಳತೆಗೆ, ದೂರಕ್ಕೆ ಅವು ಸರಿ. ಹಣಕ್ಕೆ ಮಾತ್ರ ಬೇಡ. ಪೈಸೆಯನ್ನು ಪೂರ್ಣಾಂಕವಾಗಿ ಇಡುವುದು ಮೇಲು. ಜಾವಾದಲ್ಲಿ ಬಿಗ್‌ಡೆಸಿಮಲ್ ಎಂಬ ನಿಖರ ದಶಮಾಂಶ ಸಂಖ್ಯೆ ಬಳಸುವವರು ಇನ್ನೊಂದು ಸಂಗತಿ ನೆನಪಿಡಬೇಕು: ಅದರ ಈಕ್ವಲ್ಸ್ ಪ್ರಕಾರ 2.0 ಮತ್ತು 2.00 ಸಮವಲ್ಲ. ಚುಕ್ಕಿಯ ನಂತರ ಎಷ್ಟು ಅಂಕಿ ಎಂಬುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಕೆಂಪಾದ ಸಂದೇಶದಲ್ಲಿ 2.0, 2.00 ಎಂಬ ಎರಡನ್ನೂ ನೋಡುತ್ತ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಪಟ್ಟಿಗಳ ವಿಷಯಕ್ಕೆ ಬರೋಣ. ಆ ದಿನ ಹಣ ಕಟ್ಟಿದ ಖಾತೆಗಳು 101, 104, 109 ಎಂದಿರಲಿ. ಪಟ್ಟಿಯ ಉದ್ದ ಮೂರು ಎಂದು ನೋಡುವ ಟೆಸ್ಟುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. “ನಿರೀಕ್ಷಿಸಿದ್ದು 3, ಬಂದದ್ದು 4” ಎಂದರೆ ನಾಲ್ಕನೆಯ ಅತಿಥಿ ಯಾರು? ಊಟದ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಾಯಿತು ಎಂದಷ್ಟೇ ಹೇಳಿದಂತೆ. ಪಟ್ಟಿಯನ್ನು ಪಟ್ಟಿಯೊಂದಿಗೇ ಹೋಲಿಸಿದರೆ “117 ಇಲ್ಲಿ ಇರಬಾರದಿತ್ತು” ಎಂಬ ಉತ್ತರ ಸಿಗುತ್ತದೆ. ಕ್ರಮ ಮುಖ್ಯವಲ್ಲದಿದ್ದರೆ ಕ್ರಮವನ್ನು ಲೆಕ್ಕಿಸದ ಹೋಲಿಕೆಯನ್ನೇ ಆರಿಸಬೇಕು. ಇಲ್ಲವಾದರೆ ಡೇಟಾಬೇಸ್ ತನಗೆ ತೋಚಿದ ಕ್ರಮದಲ್ಲಿ ಕೊಟ್ಟ ದಿನ ಟೆಸ್ಟ್ ವಿನಾಕಾರಣ ಕೆಂಪಾಗುತ್ತದೆ, ಹಾಗೆ ಎರಡು ಸಲ ಆದರೆ ಮೂರನೆಯ ಸಲ ಅದನ್ನು ಯಾರೂ ನಂಬುವುದಿಲ್ಲ.

ಒಂದು ಟೆಸ್ಟಿನಲ್ಲಿ ಎಷ್ಟು ಅಸರ್ಷನ್ ಇರಬಹುದು? ಒಂದೇ ಇರಬೇಕು ಎಂಬ ವ್ರತ ಹಿಡಿದವರಿದ್ದಾರೆ. ನಾನು ಆ ಪೈಕಿ ಅಲ್ಲ. ಖಾತೆ ಮುಚ್ಚಿದಾಗ ಸ್ಥಿತಿ ‘ಮುಕ್ತಾಯ’ ಆಗಬೇಕು, ಬಾಕಿ ಸೊನ್ನೆಯಾಗಬೇಕು, ಮುಚ್ಚಿದ ದಿನಾಂಕ ದಾಖಲಾಗಬೇಕು. ಇವು ಮೂರೂ ಸೇರಿ ಒಂದೇ ಘಟನೆ. ಆದರೆ ಸಾಮಾನ್ಯವಾಗಿ ಮೊದಲ ಅಸರ್ಷನ್ ಕೆಟ್ಟೊಡನೆ ಟೆಸ್ಟ್ ಅಲ್ಲೇ ನಿಂತುಬಿಡುತ್ತದೆ, ಉಳಿದೆರಡರ ಗತಿ ಏನೆಂದು ತಿಳಿಯುವುದಿಲ್ಲ. ಸ್ಥಿತಿಯೊಂದೇ ತಪ್ಪಿದೆಯೋ, ಎಲ್ಲವೂ ತಪ್ಪಿದೆಯೋ ಎಂಬುದರ ಮೇಲೆ ಹುಡುಕುವ ಜಾಗವೇ ಬದಲಾಗುತ್ತದೆ. ಜೇಯುನಿಟ್ 5ರ ಅಸರ್ಟ್‌ಆಲ್, ಅಸರ್ಟ್‌ಜೆಯ ಸಾಫ್ಟ್ ಅಸರ್ಷನ್‌ಗಳು ಇದಕ್ಕೆಂದೇ ಇವೆ. ಎಲ್ಲವನ್ನೂ ನೋಡಿ ಮುಗಿಸಿ, ಕೊನೆಗೆ ತಪ್ಪಿದ್ದೆಲ್ಲವನ್ನೂ ಒಟ್ಟಿಗೆ ಹೇಳುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಹದಿನೈದು ಸಂಗತಿಗಳನ್ನು ಒಂದೇ ಟೆಸ್ಟಿಗೆ ತುರುಕುವುದು ಬೇರೆ ವಿಷಯ. ಅದು ಸೋಮಾರಿತನ.

ವಿವರಣೆಯ ಮಾತನ್ನು ಯಾವಾಗ ಸೇರಿಸಬೇಕೆಂಬುದು ನನಗೆ ತಿಳಿದದ್ದು ಬೇರೊಂದು ಕೆಲಸದಲ್ಲಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ. ಮಲ್ಪೆಯ ದೋಣಿಗಳಿಗೆ ಸಂಬಂಧಿಸಿದ ಒಂದು ಆ್ಯಪ್‌ನಲ್ಲಿ ಆ ಅವಧಿಯನ್ನು ಪರೀಕ್ಷಿಸುವ ಟೆಸ್ಟ್ ಹೀಗಿತ್ತು: 61 ದಿನಗಳನ್ನೂ ಲೂಪಿನಲ್ಲಿ ಸುತ್ತಿ, ಪ್ರತಿ ದಿನಕ್ಕೂ ‘ಅಸರ್ಟ್‌ಟ್ರೂ(ನಿಷೇಧವೇ(ದಿನ))’. ಇಲ್ಲಿ ಹೌದು-ಅಲ್ಲ ಎಂಬ ಉತ್ತರವೇ ಬೇಕಾದದ್ದು, ಆದ್ದರಿಂದ ಅಸರ್ಟ್‌ಟ್ರೂ ತಪ್ಪಲ್ಲ. ಆದರೆ ಕೆಂಪಾದಾಗ ಯಾವ ದಿನ ಎಂದು ಅದು ಹೇಳುವುದಿಲ್ಲ. ಇಂಥ ಕಡೆ ದಿನಾಂಕವನ್ನು ಸಂದೇಶದಲ್ಲಿ ಸೇರಿಸಲೇಬೇಕು, ಅಥವಾ ಲೂಪ್ ಬಿಟ್ಟು ಪ್ರತಿ ದಿನಾಂಕವನ್ನೂ ಬೇರೆ ಟೆಸ್ಟಾಗಿ ಓಡಿಸುವ ಸೌಲಭ್ಯ ಬಳಸಬೇಕು. ನಿಜ ಹೇಳಬೇಕೆಂದರೆ 61 ದಿನವೂ ಬೇಡ. ಮೇ 31, ಜೂನ್ 1, ಜುಲೈ 31, ಆಗಸ್ಟ್ 1 ಸಾಕು. ತಪ್ಪುಗಳು ಗಡಿಯಲ್ಲೇ ಬೀಡುಬಿಡುತ್ತವೆ.

ನಮ್ಮಲ್ಲೂ ತಪ್ಪಿದ್ದು ಆಗಸ್ಟ್ 1. ಲ್ಯಾಪ್‌ಟಾಪಿನಲ್ಲಿ ಹಸಿರು, ಸರ್ವರಿನಲ್ಲಿ ಕೆಂಪು. ದಿನಾಂಕ ಸಂದೇಶದಲ್ಲೇ ಇದ್ದುದರಿಂದ ಕಾರಣ ಬೇಗ ಹೊಳೆಯಿತು. ಸರ್ವರ್ ನಡೆಯುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ, ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ಮಲ್ಪೆಯಲ್ಲಿ ಮಧ್ಯರಾತ್ರಿ ಹನ್ನೆರಡಾಗಿ ಆಗಸ್ಟ್ ಹುಟ್ಟಿದಾಗ ಸರ್ವರಿಗೆ ಇನ್ನೂ ಜುಲೈ 31ರ ಸಂಜೆ ಆರೂವರೆ. ಅದರ ಲೆಕ್ಕದಲ್ಲಿ ದೋಣಿ ಇಳಿಯುವಂತಿಲ್ಲ.

ವಿವರಣೆಯ ಮಾತು ಬರೆಯುವಾಗ ‘ದಿನಾಂಕ ಸರಿಯಿಲ್ಲ’, ‘ಮೊತ್ತ ತಪ್ಪಾಗಿದೆ’ ಎಂದು ಬರೆಯುವವರಿದ್ದಾರೆ. ಟೆಸ್ಟ್ ಕೆಂಪಾಗಿದೆ ಎಂದರೆ ಏನೋ ಸರಿಯಿಲ್ಲ ಎಂದೇ ಅರ್ಥ, ಅದನ್ನು ಮತ್ತೆ ಹೇಳಿ ಏನು ಸುಖ? ಲೈಬ್ರರಿಗೆ ಗೊತ್ತಿಲ್ಲದ್ದನ್ನು ಹೇಳಬೇಕು: ಯಾವ ಖಾತೆ, ಯಾವ ದಿನ, ಯಾವ ನಿಯಮ. ‘ಆರು ತಿಂಗಳ ಒಳಗೆ ಮುಚ್ಚಿದ ಖಾತೆಗೆ ಬಡ್ಡಿ ಇಲ್ಲ’ ಎಂಬ ಸಂಘದ ನಿಯಮವನ್ನೇ ಸಂದೇಶವಾಗಿ ಬರೆದಿಟ್ಟರೆ ಹೊಸಬರು ಕೋಡನ್ನು ತೆರೆಯುವ ಮೊದಲೇ ಅರ್ಧ ವಿಷಯ ಕಲಿತಿರುತ್ತಾರೆ.

ಒಂದೇ ಬಗೆಯ ತಾಳೆ ಹತ್ತಾರು ಕಡೆ ಬಂದಾಗ ಅದಕ್ಕೊಂದು ಹೆಸರು ಕೊಟ್ಟು ಸ್ವಂತ ಅಸರ್ಷನ್ ಮಾಡಿಕೊಳ್ಳಬಹುದು. ‘ಖಾತೆಮುಚ್ಚಿರಬೇಕು(ಖಾತೆ)’ ಎಂಬ ಒಂದು ಸಾಲಿನೊಳಗೆ ಮೇಲೆ ಹೇಳಿದ ಮೂರೂ ಪರಿಶೀಲನೆಗಳು ಅಡಗುತ್ತವೆ, ಟೆಸ್ಟ್ ಓದಿದರೆ ಸಂಘದ ಗುಮಾಸ್ತರ ಮಾತಿನಂತೆ ಕೇಳಿಸುತ್ತದೆ. ಈ ರುಚಿ ಹತ್ತಿದ ಮೇಲೆ ಅತಿಯಾಗುವುದೂ ಉಂಟು. ನಮ್ಮ ತಂಡದಲ್ಲಿ ‘ಎಲ್ಲವೂಸರಿ(ಖಾತೆ)’ ಎಂಬ ಹೆಸರಿನ ಒಂದು ಫಂಕ್ಷನ್ ಹುಟ್ಟಿಕೊಂಡಿತ್ತು. ಅದರೊಳಗೆ ಇಪ್ಪತ್ತೆರಡು ಪರಿಶೀಲನೆಗಳು, ಮೂರು ಷರತ್ತುಗಳು. ಅದು ಕೆಂಪಾದಾಗ ‘ಎಲ್ಲವೂ ಸರಿಯಿಲ್ಲ’ ಎಂಬ ಪರಮ ಸತ್ಯವನ್ನಷ್ಟೇ ಹೇಳುತ್ತಿತ್ತು. ಅದನ್ನು ಅಳಿಸಿದ ದಿನ ನಾನು ತಂಡಕ್ಕೆ ಗೋಳಿಬಜೆ ಕೊಡಿಸಿದೆ.

ಇಷ್ಟೆಲ್ಲ ಕೆಂಪಿನ ಮಾತಾಯಿತು. ಎಂದೂ ಕೆಂಪಾಗಲಾರದ ಅಸರ್ಷನ್‌ಗಳೂ ಇವೆ, ಅವು ಹೆಚ್ಚು ಅಪಾಯದವು. ಪೈಥಾನಿನಲ್ಲಿ ಅಸರ್ಟ್ ನಂತರ ಹೋಲಿಕೆಯನ್ನೂ ವಿವರಣೆಯ ಮಾತನ್ನೂ ಸೇರಿಸಿ ಒಂದೇ ಆವರಣ ಹಾಕಿದರೆ ಅದು ಎರಡು ವಸ್ತುಗಳ ಜೋಡಿಯಾಗುತ್ತದೆ. ಖಾಲಿಯಲ್ಲದ ಜೋಡಿ ಪೈಥಾನಿಗೆ ಯಾವಾಗಲೂ ಸತ್ಯ. ಎಚ್ಚರಿಕೆಯ ಒಂದು ಸಾಲು ಬರುತ್ತದೆ, ನೂರು ಎಚ್ಚರಿಕೆಗಳ ನಡುವೆ ಯಾರು ನೋಡುತ್ತಾರೆ? ಅಸರ್ಟ್‌ಜೆಯಲ್ಲಿ ‘ಅಸರ್ಟ್‌ದ್ಯಾಟ್(ಮೊತ್ತ.ಈಕ್ವಲ್ಸ್(12450))’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದರೆ ಏನನ್ನೂ ಪರೀಕ್ಷಿಸಿದಂತಾಗಲಿಲ್ಲ. ‘ಈ ಮೊತ್ತದ ಬಗ್ಗೆ ಹೇಳುವುದೇನೆಂದರೆ’ ಎಂದು ಆರಂಭಿಸಿ ಎದ್ದುಹೋದ ಹಾಗೆ. ಜಾವಾಸ್ಕ್ರಿಪ್ಟಿನಲ್ಲಿ ತಡವಾಗಿ ಬರುವ ಉತ್ತರಕ್ಕೆ ಕಾಯಲು ‘ಅವೇಟ್’ ಹಾಕುವುದು ಮರೆತರೆ, ತಾಳೆ ನೋಡುವ ಮೊದಲೇ ಟೆಸ್ಟ್ ಹಸಿರು ಬಾವುಟ ತೋರಿಸಿ ಮನೆಗೆ ಹೋಗಿರುತ್ತದೆ.

ಇವಕ್ಕೆಲ್ಲ ಒಂದೇ ಮದ್ದು. ಹೊಸ ಅಸರ್ಷನ್ ಬರೆದ ಮೇಲೆ ಬೇಕೆಂದೇ ಒಮ್ಮೆ ಕೆಡಿಸಬೇಕು. 12450 ಇದ್ದಲ್ಲಿ 12449 ಎಂದು ಮಾಡಿ ಓಡಿಸಬೇಕು. ಕೆಂಪಾಗದಿದ್ದರೆ ಆ ಸಾಲು ಬೊಂಬೆ. ಕೆಂಪಾದರೆ, ಸರಿಪಡಿಸುವ ಮುನ್ನ ಸಂದೇಶವನ್ನು ಗಟ್ಟಿಯಾಗಿ ಓದಬೇಕು, ಪಕ್ಕದಲ್ಲಿರುವವರಿಗೆ ಕೇಳುವಂತೆ. ಅವರು ‘ಎಂತ?’ ಎಂದು ಮರಳಿ ಕೇಳಿದರೆ ಕೆಲಸ ಇನ್ನೂ ಬಾಕಿ ಇದೆ.

ಎರಡು ಸಲ ಬಂದ ಖಾತೆಯ ಆ ಟೆಸ್ಟನ್ನು ನಾವು ಮತ್ತೆ ಬರೆದೆವು. ಹೊಸ ಸಂದೇಶವನ್ನು ನೋಡಲೆಂದು ಹಳೆಯ ದೋಷವನ್ನು ಬೇಕೆಂದೇ ಮರಳಿ ತಂದು, ಮುಂದಿನ ಸಲ ಸಂಘಕ್ಕೆ ಹೋದಾಗ ಲ್ಯಾಪ್‌ಟಾಪ್ ಪರದೆಯನ್ನು ಕ್ಯಾಷಿಯರ್ ಕಡೆಗೆ ತಿರುಗಿಸಿದೆ. ಅಲ್ಲಿ ಇದ್ದದ್ದು: “ಖಾತೆ 109, ಒಂದೇ ದಿನ ಎರಡು ಜಮಾ. ನಿರೀಕ್ಷಿಸಿದ್ದು 50, 50, ಬಂದದ್ದು 50.” ಅವರು ಕನ್ನಡಕ ಏರಿಸಿಕೊಂಡು ಓದಿದರು.

“ಹಿಂದಿನ ದಿನದ್ದೂ ಸೇರಿ ಕೊಟ್ಟಿದ್ದಾರೆ, ಎರಡನೆಯದನ್ನು ನಿಮ್ಮ ಮೆಷಿನು ನುಂಗಿದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಅದಿರಲಿ ಮಾರಾಯರೇ, ಎರಡಕ್ಕೂ ಬೇರೆ ಬೇರೆ ರಸೀದಿ ನಂಬರ್ ಬೀಳುತ್ತದೋ, ಒಂದೇ ಬೀಳುತ್ತದೋ?”

ರಸೀದಿ ನಂಬರನ್ನು ತಾಳೆ ನೋಡುವ ಸಾಲು ನಮ್ಮ ಟೆಸ್ಟುಗಳಲ್ಲಿ ಎಲ್ಲೂ ಇರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬರೆಯತೊಡಗಿದೆ.